ಮಿಲ್ ನಿಲ್ಲಿಸದ ಸಂಜೆ

ಒಂದು ಸಂಜೆ, ಅರ್ಧ ಗಂಟೆ ಹಿಟ್ಟಿನ ಮಿಲ್ ನಿಲ್ಲಿಸು ಎಂದು ನನ್ನ ತಮ್ಮ ಕೇಳಿದ್ದ. ನಾನು ನಿಲ್ಲಿಸಲಿಲ್ಲ.

ನಾನು ಓದಿದ್ದು ಏಳನೇ ಕ್ಲಾಸು. ಅಪ್ಪ ತೀರಿಕೊಂಡ ಮೇಲೆ ಗುಂಡ್ಲುಪೇಟೆಯ ಮಿಲ್ ನನ್ನ ಕೈಗೆ ಬಂತು. ತಮ್ಮ ಚಾಮರಾಜನಗರದಲ್ಲಿ ಒಂದು ಮೈಕ್ ಸೆಟ್ ಅಂಗಡಿಗೆ ಸೇರಿದ. ಮದುವೆಗಳಿಗೆ ಸ್ಪೀಕರ್ ಬಾಕ್ಸ್ ಜೋಡಿಸುತ್ತಾ ಜೋಡಿಸುತ್ತಾ ಅವನಿಗೆ ಸದ್ದಿನ ಹುಚ್ಚು ಹಿಡಿಯಿತು. ಕೇರಳದ ಲಾರಿ ಡ್ರೈವರೊಬ್ಬನ ಮೊಬೈಲಿನಲ್ಲಿ ರೆಗ್ಗೆ ಹಾಡು ಕೇಳಿದನಂತೆ. ಜಮೈಕಾ ಅನ್ನುವ ದೇಶದ್ದು. ಊರಿಗೆ ಬಂದವನೇ ಮಿಲ್ಲಿನ ಹಿಂದಿನ ಕೋಣೆಯ ಗೋಡೆಗೆಲ್ಲ ಸದ್ದು ತಗ್ಗಲೆಂದು ಗೋಣಿಚೀಲ ಹೊಡೆದು, ಹಳೇ ಕಂಪ್ಯೂಟರ್ ಇಟ್ಟುಕೊಂಡು ಹಾಡು ಮಾಡಿಸಲು ಕೂತ. ಅವನು ಹಾಡುವವನಲ್ಲ. ಯಾರು ಹಾಡಬೇಕು, ಬೇಸ್ ಎಷ್ಟಿರಬೇಕು, ಎಲ್ಲಿ ಸುಮ್ಮನಾಗಬೇಕು, ಅದನ್ನು ಹೇಳುವವನು.

ಒಮ್ಮೆ ನನ್ನನ್ನು ಮಿಲ್ಲಿನ ಬೆಲ್ಟಿನ ಪಕ್ಕ ನಿಲ್ಲಿಸಿದ. ಬೆಲ್ಟಿನ ಜೋಡಣೆ ಸುತ್ತಿ ಬಂದಾಗಲೆಲ್ಲ ಟಪ್ ಅನ್ನುತ್ತಲ್ಲ, ಅದಕ್ಕೆ ಕೈ ತಟ್ಟಬೇಡ, ಎರಡು ಟಪ್ ನಡುವಿನ ಖಾಲಿಯಲ್ಲಿ ತಟ್ಟು ಅಂದ. ತಟ್ಟಿದೆ. ಕಾಲು ತಾನಾಗಿ ಅಲುಗಿತು.

"ಇಷ್ಟೇ ಕಣಕ್ಕ ರೆಗ್ಗೆ."

ಮಿಲ್ ಓಡುವಾಗ ಆ ಸದ್ದಿನಲ್ಲಿ ಯಾರನ್ನೂ ಹಾಡಿಸಿ ರೆಕಾರ್ಡ್ ಮಾಡಲು ಆಗುತ್ತಿರಲಿಲ್ಲ. ಕರೆಂಟು ಹೋದರೆ ಮಿಲ್ಲಿನ ಜೊತೆ ಅವನ ಕಂಪ್ಯೂಟರೂ ನಿಲ್ಲುತ್ತಿತ್ತು. ನಾನು ಬಾಗಿಲು ಹಾಕುವವರೆಗೆ ಕಾಯುತ್ತಿದ್ದ. ಆದರೆ ಆ ಸಂಜೆ ಹಾಡಲು ಬಂದವಳು ಕೇರಳದ ಬತ್ತೇರಿಯ ಹುಡುಗಿ. ರಾತ್ರಿ ಬಂಡೀಪುರದ ಗೇಟ್ ಹಾಕುವ ಮುಂಚೆ ಅವಳು ಕಾಡು ದಾಟಿ ವಾಪಸು ಹೋಗಬೇಕು. ಆ ವಾರವೇ ಕೆಲಸಕ್ಕೆ ದುಬೈಗೆ ಹೊರಟಿದ್ದಳು. ಅವಳ ದನಿಗೆಂದೇ ತಮ್ಮ ವರ್ಷವೆಲ್ಲ ಒಂದು ಹಾಡು ಕಟ್ಟಿಟ್ಟಿದ್ದ.

ಅವತ್ತು ಮಿಲ್ ತುಂಬ ಜನ. ತಮ್ಮ ಬಾಗಿಲಲ್ಲಿ ನಿಂತು, ನಿಲ್ಲಿಸು ಎಂದು ಕೈಸನ್ನೆ ಮಾಡಿದ. ನಾನು ಹಿಟ್ಟಿನ ಕಡೆ ನೋಡಿದೆ. ಮತ್ತೆ ಬಂದು, ಕಿವಿಯ ಹತ್ತಿರ ಬಾಗಿ ಕೇಳಿಕೊಂಡ. ಸಾಲಿನಲ್ಲಿದ್ದ ಬೇಗೂರಿನ ಹೆಂಗಸೊಬ್ಬಳು, "ಏನ್ ಕಣಮ್ಮಿ, ಭತ್ತ ಇಲ್ದೆ ಒನಕೆ ಕುಟ್ಟೋದು ಬುಟ್ರೆ ನಿನ್ ತಮ್ಮಂಗೆ ಬ್ಯಾರೆ ಕ್ಯಾಮೆ ಇಲ್ವಾ?" ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ.

"ಓಗ್ಲಾ, ರಾಗಿ ಮುಗೀಲಿ," ಅಂದೆ.

ನಿಲ್ಲಿಸಿದ್ದರೆ ಯಾರೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ಎದುರಿನ ಅಂಗಡಿಯಲ್ಲಿ ಟೀ ಕುಡಿದು ಕಾಯುತ್ತಿದ್ದರು. ನನಗದು ಗೊತ್ತಿತ್ತು. ಅವನ ಮಾತಿಗೆ ಸ್ವಿಚ್ ಆಫ್ ಮಾಡಿದರೆ ಎಲ್ಲರೆದುರು ನನ್ನ ಕೆಲಸ ಸಣ್ಣದಾಗುತ್ತೆ ಅನ್ನಿಸಿತು, ಅಷ್ಟೇ.

ಹುಡುಗಿ ಹಾಡದೆ ಬಸ್ಸು ಹತ್ತಿದಳು. ತಮ್ಮ ಜಗಳ ಆಡಲಿಲ್ಲ. ಗೋಣಿಚೀಲಗಳನ್ನು ಬಿಚ್ಚಿ, ಒದರಿ, ಮಡಚಿ ಮಿಲ್ಲಿನ ಮೂಲೆಯಲ್ಲಿಟ್ಟು ಕೊಚ್ಚಿಗೆ ಹೋದ.

ಈಗ ಅಲ್ಲಿ ಅವನಿಗೆ ಸ್ವಂತ ಸ್ಟುಡಿಯೋ ಇದೆ. ರೆಗ್ಗೆ ಜೊತೆ, ಕುಣಿಯೋರಿಗೆಂದೇ ಇರುವ ಡಾನ್ಸ್‌ಹಾಲ್ ಹಾಡುಗಳನ್ನೂ ಮಾಡಿಸುತ್ತಾನೆ. ಬತ್ತೇರಿ ಕಡೆ ಹೋಗುವ ಕಾರಿನಿಂದ ಅಂಥ ಹಾಡು ಕೇಳಿಸಿದರೆ ಬಾಗಿಲಿಗೆ ಬರುತ್ತೇನೆ. ಅವನದೋ ಅಲ್ಲವೋ ತಿಳಿಯುವಷ್ಟರಲ್ಲಿ ಕಾರು ಹೋಗಿರುತ್ತೆ. ಫೋನಿನಲ್ಲಿ ಊಟ ಆಯ್ತಾ, ಮಳೆ ಬಂತಾ ಅನ್ನುವುದು ಬಿಟ್ಟರೆ ನಮಗೆ ಮಾತಿಲ್ಲ. ಆ ಕೋಣೆಯ ಗೋಡೆ ಮುಟ್ಟಿದರೆ ಈಗ ಮಿಲ್ಲಿನ ನಡುಕ ಮಾತ್ರ. ಆಗ ಅದರೊಳಗೆ ಅವನ ಹಾಡಿನ ಇನ್ನೊಂದು ನಡುಕ ಇರುತ್ತಿತ್ತು, ಮಲಗಿದ ಬೆಕ್ಕಿನ ಹೊಟ್ಟೆ ಮುಟ್ಟಿದ ಹಾಗೆ.

ಹೋದ ವಾರ ಅವನು ಫೋನ್ ಮಾಡಿದಾಗ ಮಿಲ್ ಓಡುತ್ತಿತ್ತು. ಏನೂ ಕೇಳ್ತಿಲ್ಲ, ಆಮೇಲೆ ಮಾಡ್ತೀನಿ ಅಂದ. ತಾಳು ಅಂದೆ. ಸಾಲಿನಲ್ಲಿ ನಿಂತವರ ಮುಂದೆಯೇ ಸ್ವಿಚ್ ಆಫ್ ಮಾಡಿದೆ. ಬೆಲ್ಟು ಟಪ್, ಟಪ್ ಅನ್ನುತ್ತಾ ನಿಧಾನವಾಗಿ ನಿಂತಿತು.

ಕರೆಂಟು ಹೋಯ್ತಾ ಅಕ್ಕ, ಅಂತ ಕೇಳಿದ.

"ಇಲ್ಲ ಕಣಪ್ಪ, ನಾನೇ ನಿಲ್ಸ್ದೆ. ಅವತ್ತೇ ನಿಲ್ಸ್‌ಬೇಕಾಗಿತ್ತು. ಜನದ ಮುಂದೆ ನಿನ್ನ ನೋಡಿ ನಕ್ಬುಟ್ಟೆ. ತೆಪ್ಪಾಯ್ತು ಕಣ್ಲಾ."