ಹುಲ್ಲಿಗೆ ಇಳಿಯುತ್ತಿದ್ದ ಸೆಳೆವಗಳು

ನ್ಯಾಮತಿಯಿಂದ ಜಗಳೂರು ಕಡೆಯ ಹಳ್ಳಿಗೆ ಸೊಸೆಯಾಗಿ ಹೋದ ಮೊದಲ ವರ್ಷ ಅತ್ತೆಗೂ ನನಗೂ ಮಾತು ಕಡಿಮೆ. ನವರಾತ್ರಿ ಮುಗಿದ ಮೇಲೆ ಅವರ ಕಣ್ಣಿನ ಪೊರೆ ತೆಗೆಸಿದರು. ಹೊಲದ ಕೆಲಸ ಬೇಡವೆಂದು ಡಾಕ್ಟರು ಹೇಳಿದ್ದರಿಂದ, ಸಂಜೆ ಕಪ್ಪು ಕನ್ನಡಕ ಹಾಕಿಕೊಂಡು ಹಿತ್ತಲ ಕಟ್ಟೆಯ ಮೇಲೆ ಕೂರುತ್ತಿದ್ದರು. ಜೊತೆಗೆ ನಾನು.

ಹಿತ್ತಲಿನಾಚೆ ಶೇಂಗಾ ಹೊಲ, ಅದರಾಚೆ ಹುಲ್ಲು ಬೆಳೆದ ನಮ್ಮದೇ ಬೀಳು ನೆಲ.

"ಹದ್ದು ಬಂತು, ಕೋಳಿಮರಿ ಒಳಗೆ ಮುಚ್ಚವ್ವ," ಎಂದರು ಒಂದು ದಿನ.

ನನಗದು ಹದ್ದು ಅನ್ನಿಸಲಿಲ್ಲ. ಹದ್ದು ಎತ್ತರದಲ್ಲಿ ಸುತ್ತುತ್ತದೆ. ಇದು ರೆಕ್ಕೆ ಎತ್ತಿ ಹಿಡಿದು, ಬೆಳೆಯನ್ನು ಸವರಿಕೊಂಡೇ ತೇಲುತ್ತಿತ್ತು.

"ಬಾಲದ ಬುಡದಾಗೆ ಬಿಳಿ ಪಟ್ಟಿ ಐತೆ," ಎಂದ ಅತ್ತೆ ತಟ್ಟನೆ ನನ್ನತ್ತ ತಿರುಗಿದರು. ಅಷ್ಟು ದೂರದ್ದು ಅವರ ಕಣ್ಣಿಗೆ ಬಿದ್ದು ಎಷ್ಟೋ ವರ್ಷವಾಗಿತ್ತು. "ನಂಗೆ ಕಾಣ್ತೈತಲ್ಲೇ!" ಎಂದು ನನ್ನ ಕೈ ಹಿಡಿದುಕೊಂಡರು.

ಮಾರನೆಯ ದಿನ ಬೂದು ಬಣ್ಣದ್ದೊಂದು ಬಂತು. ಅದು ಬೇರೆ ಜಾತಿಯೆಂದು ಅವರು, ಹಾರುವ ರೀತಿ ಒಂದೇ ಎಂದು ನಾನು. ಮೊಬೈಲಿನಲ್ಲಿ ಚಿತ್ರ ಹುಡುಕಿದೆ. ಸೆಳೆವ ಎಂಬ ಹಕ್ಕಿ. ಚಳಿಗಾಲಕ್ಕೆ ಹಿಮಾಲಯದಾಚೆಯಿಂದ ಬರುವಂಥದ್ದು. ಕಂದು ಬಣ್ಣದ್ದು ಹೆಣ್ಣು, ಬೂದು ಬಣ್ಣದ್ದು ಗಂಡು.

"ನಿಮ್ಮ ಮಾವನೋರಂಗೆ ಮೈತುಂಬ ವಿಭೂತಿ ಬಳ್ಕಂಡೈತೆ," ಎಂದು ಅತ್ತೆ ನಕ್ಕರು. ಅವರು ನಗುವುದನ್ನು ಅಂದೇ ಮೊದಲು ನೋಡಿದ್ದು.

ಒಂದು ಸಂಜೆ ಕಂದು ಹಕ್ಕಿ ಹುಲ್ಲಿನೊಳಗೆ ಇಳಿದದ್ದು ಮೇಲೇಳಲಿಲ್ಲ.

"ಗಾಯ ಆಗೈತೇನೋ ಅತ್ತೆ. ನೀವು ಕೂತ್ಕೊಳ್ರಿ, ನಾನು ನೋಡ್ತೀನಿ."

ಅವರು ಕೇಳಲಿಲ್ಲ. ನನ್ನ ಭುಜ ಹಿಡಿದು ಬೀಳಿನವರೆಗೂ ಬಂದರು. ನಾವು ಕಾಲಿಡುತ್ತಲೇ ಹುಲ್ಲಿನಿಂದ ಒಂದು, ಮತ್ತೊಂದು, ಆಮೇಲೆ ಹತ್ತಾರು ಹಕ್ಕಿ ಸದ್ದಿಲ್ಲದೆ ಎದ್ದವು. ನಮ್ಮ ತಲೆಯ ಮೇಲೆ ಸುತ್ತಿ ಸ್ವಲ್ಪ ಆಚೆ ಮತ್ತೆ ನೆಲಕ್ಕೇ ಇಳಿದವು. ಅವು ಮಲಗುವುದು ಮರದಲ್ಲಲ್ಲ, ನೆಲದಲ್ಲಿ ಎಂಬುದು ಆಗ ತಿಳಿಯಿತು.

"ಪಾಪ, ಎಬ್ಬಿಸ್ಬಿಟ್ವಿ," ಎಂದರು ಅತ್ತೆ.

ಆ ವಾರವೇ ಮೈದುನ ಬೀಳಿನಲ್ಲಿ ರಾತ್ರಿಗೆ ಕುರಿ ಕೂಡಿಹಾಕಿ ತರುಬಲು ಹೊರಟಾಗ ಅತ್ತೆ ಅಡ್ಡ ನಿಂತರು. "ಯುಗಾದಿ ತಂಕ ಆ ಕಡೆ ಕುರಿ ಬಿಡಬ್ಯಾಡ. ಅಲ್ಲಿ ಹಕ್ಕಿ ಮಲಗ್ತಾವೆ."

"ಹಕ್ಕಿಗೋಸ್ಕರ ಕುರಿ ಎಲ್ಲಿ ಹಾಕ್ಲಿ?" ಎಂದು ಮೈದುನ ಗೊಣಗಿದ. ಆದರೂ ಕೇಳಿದ. ಯುಗಾದಿಯ ಹೊತ್ತಿಗೆ ಹಕ್ಕಿಗಳು ಹೋಗಿ ಬೀಳು ಖಾಲಿಯಾಗಿತ್ತು. ಅತ್ತೆ ಎರಡು ಸಂಜೆ ಬೀಳಿನತ್ತ ನೋಡುತ್ತ ಕೂತು, ಮೂರನೆಯ ದಿನ, "ಇನ್ನು ಕುರಿ ಬಿಡಪ್ಪ," ಎಂದರು.

ಕೆಲಸ ಸಿಕ್ಕಿ ನಾನೂ ಗಂಡನೂ ಚನ್ನಗಿರಿಗೆ ಬಂದ ಮೇಲೂ ಚಳಿ ಶುರುವಾಗುತ್ತಲೇ ಫೋನ್ ಬರುತ್ತಿತ್ತು. ಕುಶಲ ಕೇಳುವ ಮೊದಲೇ, "ಬಂದ್ವು ಕಣವ್ವ!"

ಈಗ ಅತ್ತೆ ಇಲ್ಲ. ಬೀಳಿನ ಅರ್ಧಕ್ಕೆ ಮೆಕ್ಕೆಜೋಳ ಬಿತ್ತಿದ್ದಾರೆ. ಹೋದ ಚಳಿಗಾಲ ಊರಿಗೆ ಹೋದಾಗ ಉಳಿದರ್ಧದಲ್ಲಿ ಐದಾರು ಸೆಳೆವ ಇಳಿದದ್ದನ್ನು ಕಂಡೆ. ಮೈದುನ ಚಹಾಕ್ಕೆ ಕರೆಯಲು ಬಂದವನು, ತಾನೂ ಪಕ್ಕದಲ್ಲಿ ನಿಂತ. ಯುಗಾದಿಯವರೆಗೆ ಕುರಿಗಳನ್ನು ಈಗಲೂ ಆಚೆ ಹೊಲದಲ್ಲೇ ತರುಬುತ್ತಾನಂತೆ.