ಸೊಂಟಕ್ಕೆ ಬಿದ್ದ ಪಟ್ಟು

ಬೇರೆಯವರು ಪದಕ ಗೆಲ್ಲುವ ವಯಸ್ಸಿನಲ್ಲಿ ಆಕೆ ಮೊದಲ ಸಲ ಕುಸ್ತಿಗೆ ಇಳಿದವಳು. ಹೆಸರು ಬರುವಷ್ಟರಲ್ಲಿ ಮಗಳು ಹುಟ್ಟಿದಳು, ಅದೂ ಆಪರೇಷನ್ ಆಗಿ. ರಾಷ್ಟ್ರೀಯ ತಂಡದ ಆಯ್ಕೆಗೆ ಮರಳಿದಾಗ ಅವಳನ್ನು ಕಾಡಿದ್ದು ಸೋಲಲ್ಲ, ಹೊಲಿಗೆ ಬಿಚ್ಚಿಕೊಂಡೀತೆಂಬ ಭಯ. ಗಾಯ ಪೂರ್ತಿ ಮಾಗಿದೆ ಎಂದು ಡಾಕ್ಟರು ಹೇಳಿದ್ದರು. ಆದರೂ ಅಭ್ಯಾಸದಲ್ಲಿ ಯಾರಾದರೂ ಹಿಂದಿನಿಂದ ಸೊಂಟ ಬಳಸಿದರೆ ಸಾಕು, ಕೈಕಾಲು ತಣ್ಣಗಾಗಿ ತಾನಾಗಿಯೇ ನೆಲಕ್ಕೆ ಒರಗಿಬಿಡುತ್ತಿದ್ದಳು.

ಆಯ್ಕೆಯ ದಿನ ಬಟ್ಟೆ ಬದಲಿಸುವ ಕೋಣೆಯಲ್ಲಿ ಅವಳಿಗೆ ಶೂ ದಾರ ಕಟ್ಟಲೂ ಆಗಲಿಲ್ಲ.

"ನನ್ನ ಕೈಲಾಗಲ್ಲ ಅತ್ತೆ, ಮನೆಗೆ ಹೋಗೋಣ."

ಮಗುವನ್ನು ಎತ್ತಿಕೊಂಡಿದ್ದ ಅತ್ತೆ, "ಹೋಗೋಣ, ಅದಕ್ಕೇನಂತೆ. ಆದ್ರೆ ಆಡದೆ ಬಂದ ಸಿಟ್ಟನ್ನ ನಾಳೆಯಿಂದ ನನ್ನ ಮೇಲೆ ತೀರಿಸ್ಕೋಬೇಡ. ನನ್ನ ಮೂಳೆ ತಡೆಯಲ್ಲ," ಎಂದರು.

ನಗು ಬರಲಿಲ್ಲ, ಆದರೂ ದಾರ ಕಟ್ಟಿಕೊಂಡು ಎದ್ದು ಕಣಕ್ಕೆ ಹೋದಳು.

ಎದುರಾಳಿ ಹುಡುಗಿ ಶುರುವಿನಲ್ಲೇ ಅವಳ ಬೆನ್ನಿಗೆ ಬಂದು ಹೊಟ್ಟೆಯ ಮೇಲೆ ಕೈ ಬೆಸೆದು ಬಿಗಿದಳು. ಈ ಸಲ ಅವಳು ಒರಗಲಿಲ್ಲ. ನಡುಗುತ್ತಲೇ ಹುಡುಗಿಯ ಮಣಿಕಟ್ಟು ಹಿಡಿದು ಪಟ್ಟು ಬಿಡಿಸಿಕೊಂಡು, ಗರ್ರನೆ ತಿರುಗಿ, ಕಾಲಿಗೆ ನುಗ್ಗಿ ಕೆಡವಿದಳು.

ಒಂದೇ ಅಂಕದ ಅಂತರದಲ್ಲಿ ಗೆದ್ದು ತಂಡ ಸೇರಿದಳು.

"ಹೆದರಿಕೆ ಹೋಯ್ತಾ?" ಅತ್ತೆ ಕೇಳಿದರು.

"ಇಲ್ಲ ಅತ್ತೆ," ಎಂದು ಗೋಡೆಗೆ ಒರಗಿ ಕುಳಿತಳು. "ಮಗೂನ ಸ್ವಲ್ಪ ಹೊತ್ತು ನೀವೇ ಇಟ್ಕೊಳ್ಳಿ. ಕೈ ಇನ್ನೂ ನಡುಗ್ತಿದೆ."