ಸರೋಜಳ ಹೆಬ್ಬೆರಳು

ಸರೋಜಳ ಹೆಬ್ಬೆರಳುಗಳನ್ನು ನೋಡಿದರೆ ಅವು ಬೇರೆ ಯಾರದೋ ಕೈಯವು ಅನ್ನಿಸುತ್ತಿತ್ತು. ಉಳಿದ ಬೆರಳುಗಳೆಲ್ಲ ಸಣಕಲು, ಉಗುರಿಗೆ ಕೆಂಪು ಬಣ್ಣ. ಹೆಬ್ಬೆರಳುಗಳು ಮಾತ್ರ ಅಗಲ, ಚಪ್ಪಟೆ, ಬಣ್ಣವಿಲ್ಲ, ಉಗುರನ್ನು ಮಾಂಸದವರೆಗೂ ಕತ್ತರಿಸಿರುತ್ತಿದ್ದಳು. ಶ್ರೀನಿವಾಸಪುರದ ಬಸ್ ನಿಲ್ದಾಣದ ಹಿಂದೆ, ಬೇಕರಿಯೊಂದರ ಮಹಡಿಯಲ್ಲಿ, ಆ ಎರಡು ಬೆರಳುಗಳನ್ನು ನಂಬಿಕೊಂಡು ಬ್ಯೂಟಿ ಪಾರ್ಲರ್ ಇಟ್ಟಿದ್ದಳು.

ಪಾರ್ಲರುಗಳೆಂದರೆ ನನಗೆ ಮೊದಲಿಂದಲೂ ತಾತ್ಸಾರ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಚಿನ್ನದ ಫೇಶಿಯಲ್ ಮಾಡಿಸಿದರೆ ಮುಖಕ್ಕೆ ಚಿನ್ನದ ಕಳೆ ಬರುತ್ತದೆಂದು ನಂಬುವ ಹೆಂಗಸರಲ್ಲಿ ಕೆಲವರಿಗೆ ಜೀರ್ಣಾಂಗವ್ಯೂಹ ಪಾಠ ಮಾಡಿದವಳು ನಾನೇ ಎಂಬುದು ನೆನಪಾದಾಗ ಮೈಯೆಲ್ಲ ಉರಿಯುತ್ತಿತ್ತು. ಸರೋಜಳ ಗೋಡೆಯ ಮೇಲೆ ಕಟ್ಟು ಹಾಕಿಸಿದ ಸರ್ಟಿಫಿಕೇಟು ಬೇರೆ: ‘ಮಯೋಫೇಶಿಯಲ್ ರಿಲೀಸ್’, ಅಂದರೆ ಸ್ನಾಯುವಿನ ಪೊರೆ ಸಡಿಲಿಸುವ ವಿದ್ಯೆ, ಹದಿನೈದು ದಿನದ ತರಬೇತಿ. ಅದರ ಕೆಳಗೆ ಅವಳೇ ಬರೆಸಿದ ಬೋರ್ಡು. ಸುಕ್ಕು ಮಾಯ, ಜೋತ ಕೆನ್ನೆ ಮೇಲಕ್ಕೆ, ಹತ್ತು ವರ್ಷ ಚಿಕ್ಕವರಾಗಿ. ಹದಿನೈದು ದಿನದ ವಿದ್ಯೆಯಿಂದ ಹತ್ತು ವರ್ಷ ಹಿಂದಕ್ಕೆ ಕಳಿಸುವ ಧೈರ್ಯ ಬೇರೆ ಯಾವ ಶಾಸ್ತ್ರಕ್ಕಿದೆ?

ಅಂಥ ಕಡೆಗೆ ನಾನು ಹೋದದ್ದು ದವಡೆಯ ದೆಸೆಯಿಂದ. ನಿದ್ದೆಯಲ್ಲಿ ಹಲ್ಲು ಕಚ್ಚಿ ಕಚ್ಚಿ ನನ್ನ ಬಾಯಿ ಒಂದು ಬೆರಳಿಗಿಂತ ಹೆಚ್ಚು ತೆರೆಯದಂತಾಗಿತ್ತು. ತರಗತಿಯಲ್ಲಿ ಮಾತು ಹಲ್ಲಿನ ಸಂದಿಯಿಂದ ನುಸುಳಿ ಬರುತ್ತಿತ್ತು, ಹಿಂದಿನ ಬೆಂಚಿನವರು ಅಣಕಿಸುತ್ತಿದ್ದರು. ಮುದ್ದೆಯನ್ನು ಗೋಲಿಯಷ್ಟು ಮಾಡಿ ನುಂಗುತ್ತಿದ್ದೆ. ಊರೆಲ್ಲ ಮಾವಿನಹಣ್ಣಿಗೆ ಬಾಯಿ ಹಾಕುವ ಕಾಲದಲ್ಲಿ ಚಮಚ ಹಿಡಿದು ಕೂತಿದ್ದೆ. ದಂತವೈದ್ಯರು ರಾತ್ರಿ ಹಲ್ಲಿಗೆ ಹಾಕಿಕೊಳ್ಳಲು ಒಂದು ಪಟ್ಟಿ ಕೊಟ್ಟು, ದವಡೆಯ ಸ್ನಾಯುಗಳನ್ನು ಸಡಿಲಿಸುವವರು ಸಿಕ್ಕರೆ ಒಳ್ಳೆಯದು ಎಂದರು. ಸಿಕ್ಕವಳು ಇವಳು.

ಸರೋಜಳ ಮೊದಲ ಕೆಲಸ ಕನ್ನಡಿಗೆ ಟವೆಲ್ ಹೊದಿಸುವುದು. “ಕನ್ನಡಿ ಕಂಡ್ರೆ ಮುಖ ನಾಟಕ ಆಡುತ್ತೆ ಮೇಡಂ. ನಂಗೆ ನಾಟಕದ ಮುಖ ಬೇಡ” ಎನ್ನುತ್ತಿದ್ದಳು. ಆಮೇಲೆ ಬಾಯಿ ತೆರೆಸಿ, ಎಷ್ಟು ಬೆರಳು ಹಿಡಿಸುತ್ತದೆಂದು ನಮ್ಮ ಬೆರಳನ್ನೇ ಇಡಿಸಿ ನೋಡುತ್ತಿದ್ದಳು. ನನ್ನದು ಒಂದು.

“ಮೂರು ಬೆರಳು ಹೋಗ್ಬೇಕು, ಅಂತೇ” ಎಂದಳು. ಹುಟ್ಟಿದ್ದು ಶಿವಾರಪಟ್ಟಣದ ಕಲ್ಲು ಕೆತ್ತುವವರ ಮನೆಯಲ್ಲಾದರೂ ಗಂಡನ ಮನೆಯ ತೆಲುಗು ಅವಳ ನಾಲಗೆಗೆ ಹತ್ತಿತ್ತು. ‘ಅಷ್ಟೇ’ ಅನ್ನಬೇಕಾದ ಕಡೆಯೆಲ್ಲ ‘ಅಂತೇ’ ಅನ್ನುತ್ತಿದ್ದಳು.

ಹೆಬ್ಬೆರಳನ್ನು ಕೆನ್ನೆಯ ಮೇಲಿಟ್ಟು ಸುಮ್ಮನೆ ನಿಂತುಬಿಡುತ್ತಿದ್ದಳು. ತಿಕ್ಕುವುದಿಲ್ಲ, ಎಳೆಯುವುದಿಲ್ಲ. ನಿದ್ದೆ ಹೋದಳೇನೋ ಅನ್ನಿಸುವಷ್ಟು ಹೊತ್ತು. “ಏನಮ್ಮ, ಕೆಲಸ ಶುರು ಮಾಡ್ತೀಯೋ ಇಲ್ವೋ?” ಎಂದು ಕೇಳಿದೆ.

“ಮಾಡ್ತಾನೇ ಇದೀನಿ ಮೇಡಂ. ಮಟನ್ ತೊಳೆಯೋವಾಗ ಮೇಲೊಂದು ಬಿಳೀ ಪೊರೆ ಸಿಗುತ್ತಲ್ಲ, ನಮ್ ಮುಖದೊಳಗೂ ಅದೇ ಇರೋದು. ಎಳೆದ್ರೆ ಬಿಗಿಯುತ್ತೆ. ಕಾದ್ರೆ ತಾನೇ ಬಿಡುತ್ತೆ.” ಸ್ವಲ್ಪ ತಡೆದು, “ನಿಮ್ ತುಟಿ ಎಡಗಡೆ ಯಾವಾಗ್ಲೂ ಮೇಲಕ್ಕೆದ್ದಿರುತ್ತೆ. ಯಾರನ್ನೋ ನೋಡಿ ಅಸಹ್ಯ ಪಟ್ಕೊಂಡಂಗೆ. ಅದೂ ಬಿಡುತ್ತೆ” ಎಂದಳು. ನನಗೆ ಕೆನ್ನೆಗೆ ಹೊಡೆದಂತಾಯಿತು.

ಮುಖದ ಬಲಭಾಗ ಮುಗಿಸಿ, ಕನ್ನಡಿಯ ಟವೆಲ್ ಸರಿಸಿ, ಎರಡು ಭಾಗವನ್ನೂ ಹೋಲಿಸಿ ನೋಡಿ ಅನ್ನುವುದು ಅವಳ ವ್ಯಾಪಾರದ ಚಮತ್ಕಾರ. ಅರ್ಧ ಮುಖದಲ್ಲಿ ಯಾರು ತಾನೇ ಎದ್ದು ಮನೆಗೆ ಹೋದಾರು? ಸುಕ್ಕುಗಳು ಇದ್ದಲ್ಲೇ ಇದ್ದವು, ಹತ್ತು ವರ್ಷದ ಮಾತಿರಲಿ, ಹತ್ತು ದಿನವೂ ಚಿಕ್ಕವಳಾಗಲಿಲ್ಲ. ಆದರೆ ಎರಡನೇ ವಾರಕ್ಕೆ ಎರಡು ಬೆರಳು ಹಿಡಿಸಿತು. ತಲೆನೋವು ಬಿಟ್ಟಿತು. ಎರಡು ತಿಂಗಳಾಗುವ ಹೊತ್ತಿಗೆ ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿ ನಿಂತು ಇಡೀ ಮಾವಿನಹಣ್ಣನ್ನು ಕಚ್ಚಿ ತಿಂದೆ. ಇದನ್ನು ಯಾರಿಗೂ ಹೇಳಲಿಲ್ಲ. ಸರೋಜಳಿಗೂ ಹೇಳಲಿಲ್ಲ.

ಅಷ್ಟರಲ್ಲಿ ಎದುರು ಕಟ್ಟಡದಲ್ಲಿ ಏಸಿ ಹಾಕಿದ, ಮೆಷಿನ್ನುಗಳಿದ್ದ ಸ್ಕಿನ್ ಕ್ಲಿನಿಕ್ ಒಂದು ತೆರೆದಿತ್ತು. ಸರೋಜಳ ಮಹಡಿಗೆ ಬರುವವರು ಕಡಿಮೆಯಾದರು. “ಈ ಮದುವೆ ಕಾಲ ದಾಟಿದ್ರೆ ಅಂಗಡಿ ಉಳಿಯುತ್ತೆ ಮೇಡಂ” ಎಂದು ಒಂದು ದಿನ ನನ್ನ ದವಡೆಗೇ ಹೇಳುವಂತೆ ಹೇಳಿದಳು. ಆ ದಿನವೇ ಮದುಮಗಳೊಬ್ಬಳು ತಾಯಿಯ ಜೊತೆ ಬಂದಳು. ನಾನು ಅರ್ಧ ಮುಖದಲ್ಲಿದ್ದೆ. ಹುಡುಗಿ ನನ್ನ ಹಳೆಯ ವಿದ್ಯಾರ್ಥಿನಿ.

ತಾಯಿ ನನ್ನನ್ನೇ ಕೇಳಿದಳು. “ನೀವು ಸೈನ್ಸ್ ಟೀಚರ್ರು. ನೀವೇ ಹೇಳಿ ಮೇಡಂ. ಇವಳು ಮಾಡೋದ್ರಲ್ಲಿ ಏನಾದ್ರೂ ಇದೆಯಾ, ಇಲ್ಲಾ ಎದುರುಗಡೆ ಹೋಗೋಣ್ವಾ? ನೀವು ಹೂಂ ಅಂದ್ರೆ ಇಲ್ಲೇ ಮಾಡಿಸ್ತೀವಿ, ಮನೇಲಿ ಎಂಟು ಜನ ಹೆಣ್ಮಕ್ಕಳಿದೀವಿ.”

ಸರೋಜಳ ಹೆಬ್ಬೆರಳು ನನ್ನ ಗಲ್ಲದ ಮೇಲೇ ಇತ್ತು. ಪಾರ್ಲರಿನ ಕುರ್ಚಿಯಲ್ಲಿ ಕೂದಲಿಗೆ ಪ್ಲಾಸ್ಟಿಕ್ ಟೋಪಿ ಹಾಕಿಕೊಂಡು ಸಿಕ್ಕಿಬಿದ್ದ ನಾಚಿಕೆ ನನಗೆ. ಮಾನ ಉಳಿಸಿಕೊಳ್ಳಬೇಕಿತ್ತು. “ವಿಜ್ಞಾನವೂ ಇಲ್ಲ ಏನೂ ಇಲ್ಲಮ್ಮ, ಬರೀ ತಿಕ್ಕೋದು” ಎಂದೆ. ಅವಳು ಒಂದು ದಿನವೂ ತಿಕ್ಕಿದವಳಲ್ಲ ಎಂಬುದು ನನ್ನ ಕೆನ್ನೆಗೆ ಗೊತ್ತಿತ್ತು. ಮಾತು ಸ್ಪಷ್ಟವಾಗಿ, ಬಾಯಿತುಂಬ ಹೊರಗೆ ಬಂತು. ಹಾಗೆ ಬರುವಂತೆ ಮಾಡಿದವಳು ಅವಳೇ.

ತಾಯಿ ಮಗಳು ಮೆಟ್ಟಿಲಿಳಿದು ರಸ್ತೆ ದಾಟಿದರು. ಸರೋಜ ಎಡಭಾಗವನ್ನು ಬಲಭಾಗದಷ್ಟೇ ಹೊತ್ತು, ಅಷ್ಟೇ ಮೆತ್ತಗೆ ಮಾಡಿ ಮುಗಿಸಿದಳು. ಕನ್ನಡಿಯ ಟವೆಲ್ ಮಾತ್ರ ಸರಿಸಲಿಲ್ಲ.

ಮತ್ತೆ ಹೋಗಲು ನನಗೆ ಮುಖವಿರಲಿಲ್ಲ. ಮಳೆಗಾಲದ ಹೊತ್ತಿಗೆ ಆ ಮಹಡಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಬಂದಿತ್ತು.

ಕಳೆದ ವರ್ಷ ಶಾಲೆಗೆ ಸರಸ್ವತಿಯ ವಿಗ್ರಹ ಮಾಡಿಸಲು ಶಿವಾರಪಟ್ಟಣಕ್ಕೆ ಹೋದೆ. ತಗಡಿನ ಶೆಡ್ಡಿನಲ್ಲಿ ಸರೋಜ ಕೂತು ಒಂದು ಕಲ್ಲಿನ ಮುಖವನ್ನು ನೀರು ಹಾಕಿ ನುಣುಪು ಮಾಡುತ್ತಿದ್ದಳು. ಹೆಬ್ಬೆರಳುಗಳು ಬೂದಿ ಬಣ್ಣಕ್ಕೆ ತಿರುಗಿ ಒಡೆದಿದ್ದವು. ಈಗ ನಿಜವಾಗಿಯೂ ತಿಕ್ಕುತ್ತಿದ್ದಳು. ದಾರಿಯುದ್ದಕ್ಕೂ ಜೊತೆಗಿದ್ದ ಇನ್ನೊಬ್ಬ ಟೀಚರ್ ಮುಂದೆ ನಾನು ಪಾರ್ಲರುಗಳನ್ನು ಬೈದುಕೊಂಡೇ ಬಂದಿದ್ದೆ. ಸರೋಜಳನ್ನು ಕಂಡು ನಿಂತುಬಿಟ್ಟೆ.

ಅವಳು ತಲೆಯೆತ್ತಿ ನನ್ನ ದವಡೆಯನ್ನು ನೋಡಿದಳು. “ಎಷ್ಟು ಬೆರಳು ಹೋಗುತ್ತೆ ಮೇಡಂ ಈಗ?”

ನಾನು ಬಾಯಿ ತೆರೆದು ಬೆರಳಿಟ್ಟು ತೋರಿಸಿದೆ.

“ಮೂರು. ಅಂತೇ” ಎಂದು ಅವಳು ಕಲ್ಲಿನ ಕಡೆ ತಿರುಗಿದಳು. ಬೆರಳು ತೆಗೆದ ಮೇಲೂ ನನ್ನ ಬಾಯಿ ತೆರೆದೇ ಇತ್ತು. ಹೇಳಬೇಕಾಗಿದ್ದ ಒಂದು ಮಾತು ಅದರಿಂದ ಬರಲಿಲ್ಲ.